ಬ್ರೆಡ್ ಸುಟ್ಟರೂ ತಮ್ಮನಿಗೆ ಗೊತ್ತಾಗಲಿಲ್ಲ

ಒಂದೇ ವಾರದಲ್ಲಿ ಮೂರು ಸಲ ನಮ್ಮ ಬೇಕರಿಯಲ್ಲಿ ಬ್ರೆಡ್ ಸುಟ್ಟು ಕರಕಲಾಯಿತು. ಮೂರನೇ ಸಲ ನಾನು ಕೌಂಟರ್ ಬಿಟ್ಟು ಒಳಗೆ ನುಗ್ಗಿ ತಮ್ಮನಿಗೆ ಬಾಯಿಗೆ ಬಂದ ಹಾಗೆ ಬೈದೆ.

"ಬೀದಿ ತುದಿಯವರಿಗೂ ಸುಟ್ಟ ವಾಸನೆ ಹೋಗಿದೆ. ಓವನ್ ಪಕ್ಕದಲ್ಲೇ ನಿಂತು ಆರಾಮಾಗಿ ಟ್ರೇ ಒರೆಸ್ತಾ ಇದ್ದೀಯಲ್ಲೋ! ಧ್ಯಾನ ಎಲ್ಲಿದೆ ನಿನಗೆ? ನಾಳೆಯಿಂದ ಓವನ್‌ಗೆ ಬೇರೆಯವರನ್ನ ಇಡ್ತೀನಿ. ನೀನು ಮನೇಲಿ ಕೂತ್ಕೋ."

ಅವನು ಕರಕಲಾದ ಬ್ರೆಡ್‌ಗಳನ್ನ ಒಂದೊಂದೇ ಬುಟ್ಟಿಗೆ ಹಾಕತೊಡಗಿದ.

ನಮ್ಮಲ್ಲಿ ಕೌಂಟರ್ ನನ್ನದು, ಓವನ್ ಅವನದು. ಅಪ್ಪ ಇದ್ದಾಗಿನಿಂದಲೂ ಓವನ್ ಕೋಣೆಯಲ್ಲಿ ಗಡಿಯಾರ ಇಟ್ಟವರಲ್ಲ ನಾವು. "ಹಿಟ್ಟು ದಿನಕ್ಕೊಂದು ಥರ. ಬ್ರೆಡ್ ಬೆಂದಿದೆಯೋ ಇಲ್ವೋ ಮೂಗು ಹೇಳಬೇಕು, ಮುಳ್ಳಲ್ಲ" ಅನ್ನೋದು ಅಪ್ಪನ ಮಾತು. ಆ ವಿದ್ಯೆಯಲ್ಲಿ ತಮ್ಮ ಅಪ್ಪನನ್ನೂ ಮೀರಿಸಿದವನು. ಹಿತ್ತಲಲ್ಲಿ ನಿಂತುಕೊಂಡೇ "ಅಕ್ಕಾ, ಇನ್ನೆರಡು ನಿಮಿಷ" ಅಂತಿದ್ದ. ಅಂಥವನ ಕೈಯಲ್ಲಿ ಬ್ರೆಡ್ ಸುಡುತ್ತೆ ಅಂದರೆ ಉದಾಸೀನ ಬಿಟ್ಟು ಬೇರೆ ಕಾರಣ ನನಗೆ ತೋಚಲಿಲ್ಲ.

ಎರಡು ತಿಂಗಳ ಹಿಂದೆ ಅವನು ಬಿದ್ದಿದ್ದ, ನಿಜ. ಅಟ್ಟದಿಂದ ಮೈದಾ ಮೂಟೆ ಇಳಿಸುವಾಗ ಸ್ಟೂಲ್ ಜಾರಿ, ಹಿಂದಲೆ ಮೇಜಿನ ಅಂಚಿಗೆ ಬಡಿದು, ಒಂದೆರಡು ನಿಮಿಷ ಎಚ್ಚರ ತಪ್ಪಿತ್ತು. ಆಸ್ಪತ್ರೆಗೆ ಕರಕೊಂಡು ಹೋಗಿ ಸ್ಕ್ಯಾನ್ ಮಾಡಿಸಿದ್ವಿ. ರಕ್ತ ಸೋರಿಲ್ಲ, ಮೂಳೆ ಮುರಿದಿಲ್ಲ ಅಂದರು. ವಾರ ಮಲಗಿದ್ದು ಕೆಲಸಕ್ಕೆ ಬಂದ. ಬದುಕಿದೆಯಾ ಬಡಜೀವವೇ ಅಂತ ನಾನೂ ಸುಮ್ಮನಾದೆ.

ಆಮೇಲೆ ಶುರುವಾಯಿತು ನೋಡಿ. ಟ್ರೇ ಸದ್ದಾದರೆ ಎರಡೂ ಕಿವಿ ಮುಚ್ಚಿಕೊಂಡು ಕೂಗಾಡುತ್ತಿದ್ದ. ಉಪ್ಪು ಹಾಕಿದ್ದು ಮರೆತು ಮತ್ತೆ ಹಾಕುತ್ತಿದ್ದ. ಅವನ ಹೆಂಡತಿ ಒಂದು ದಿನ ಬಂದು, "ಅತ್ತಿಗೆ, ಇವರು ಮೊದಲಿನ ಥರ ಇಲ್ಲ. ಯಾವಾಗಲೂ ತಲೆನೋವು ಅಂತಾರೆ. ಮನೇಲಿ ಲೈಟ್ ಹಾಕಿದ್ರೂ ರೇಗ್ತಾರೆ" ಅಂತ ಕಣ್ಣೀರು ಹಾಕಿದಳು. ನಾನು ಕಿವಿ ಮೇಲೆ ಹಾಕಿಕೊಳ್ಳಲಿಲ್ಲ. "ಸ್ಕ್ಯಾನ್‌ನಲ್ಲೇ ಏನೂ ಇಲ್ಲ ಅಂದಮೇಲೆ ಏನು ರೋಗವೇ? ಕೆಲಸಗಳ್ಳತನ" ಅಂದುಬಿಟ್ಟೆ. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತೆ.

ನಾನು ಬೈದ ಆ ಬೆಳಿಗ್ಗೆ ಕೌಂಟರ್ ಹತ್ತಿರ ಆರೋಗ್ಯ ಕೇಂದ್ರದ ನರ್ಸಮ್ಮ ನಿಂತಿದ್ದರು. ದಿನಾ ಡ್ಯೂಟಿಗೆ ಹೋಗೋ ಮುಂಚೆ ಬನ್ ತಗೊಂಡು ಹೋಗೋರು. ನನ್ನ ಕೂಗಾಟ ಕೇಳಿ ಒಳಗೇ ಬಂದರು.

"ಅಣ್ಣಾ, ಈ ಸುಟ್ಟ ವಾಸನೆ ನಿಮಗೆ ಗೊತ್ತಾಗ್ಲಿಲ್ವಾ?" ಅಂತ ತಮ್ಮನನ್ನ ಮೆಲ್ಲಗೆ ಕೇಳಿದರು.

ಅವನು ತಲೆ ತಗ್ಗಿಸಿದ. ನರ್ಸಮ್ಮ ಅವನ ಕಣ್ಣು ಮುಚ್ಚಿಸಿ, ಕಾಫಿಪುಡಿ ಡಬ್ಬಿ ತೆಗೆದು ಮೂಗಿನ ಹತ್ತಿರ ಹಿಡಿದರು. "ಇದೇನು ಹೇಳಿ." ಗೊತ್ತಿಲ್ಲ ಅಂತ ಅವನು ತಲೆ ಅಲ್ಲಾಡಿಸಿದ. ಲವಂಗ ಹಿಡಿದರು. ಅದಕ್ಕೂ ತಲೆ ಅಲ್ಲಾಡಿಸಿದ. ಏಲಕ್ಕಿ ಜಜ್ಜಿ ಹಿಡಿದಾಗ ಅವನ ಮುಚ್ಚಿದ ಕಣ್ಣಿಂದ ನೀರು ಇಳಿಯಿತು.

"ಬಿದ್ದ ದಿನದಿಂದ ಒಂದೂ ವಾಸನೆ ಬರ್ತಿಲ್ಲಕ್ಕಾ. ಅಂದಾಜಲ್ಲಿ ಬ್ರೆಡ್ ತೆಗೀತಿದ್ದೆ, ಈ ವಾರ ಅದೂ ಕೈಕೊಡ್ತು. ನಿಂಗೆ ಹೇಳಿದ್ರೆ ಓವನ್ ಬಿಡಿಸ್ತೀಯ ಅಂತ ಹೇಳ್ಲಿಲ್ಲ. ಅಪ್ಪ ಕೊಟ್ಟಿದ್ದು ಇದೊಂದೇ ವಿದ್ಯೆ, ಇದೂ ಹೋದ್ರೆ ನಾನು ಯಾತಕ್ಕೆ?"

ಅಷ್ಟು ಕೇಳಿಯೂ ನನ್ನ ಬಾಯಿ ಸುಮ್ಮನಿರಬೇಕಲ್ಲ! "ತಲೆ ಹಿಂದೆ ಪೆಟ್ಟು ಬಿದ್ರೆ ಮುಂದಿರೋ ಮೂಗಿಗೇನಾಗುತ್ತೆ ನರ್ಸಮ್ಮಾ? ಸ್ಕ್ಯಾನ್ ಸುಳ್ಳು ಹೇಳುತ್ತಾ?" ಅಂದೆ. ಅವನ ತಲೆನೋವು, ಮರೆವು, ಸದ್ದಿಗೂ ಲೈಟಿಗೂ ರೇಗೋದು, ಎಲ್ಲದರ ದೂರನ್ನೂ ಅವರ ಮುಂದೆ ಒಪ್ಪಿಸಿದೆ.

"ಸುಳ್ಳು ಹೇಳಲ್ಲ ಅಕ್ಕಾ, ಎಲ್ಲಾನೂ ಹೇಳಲ್ಲ ಅಷ್ಟೆ" ಅಂದರು ಅವರು. "ಮನೆ ಫೋಟೋ ತೆಗೆದ್ರೆ ಗೋಡೆ ಬಿರುಕು ಕಾಣುತ್ತೆ. ಗೋಡೆ ಒಳಗಿನ ವೈರ್ ಕಡಿದಿದ್ರೆ ಕಾಣುತ್ತಾ? ಮೂಗಿನಿಂದ ಮೆದುಳಿಗೆ ಹೋಗೋ ನರಗಳು ದಾರದ ಎಳೆಗಿಂತ ತೆಳು. ಹಿಂದೆ ಪೆಟ್ಟು ಬಿದ್ರೂ ಮೆದುಳು ಒಳಗೆ ಅಲ್ಲಾಡಿ ಆ ಎಳೆಗಳು ಜಗ್ಗಿಹೋಗಬಹುದು. ಈ ತಲೆನೋವು, ಮರೆವು, ಸಿಟ್ಟು, ಸದ್ದು ಬೆಳಕು ತಡೆಯೋಕಾಗದೆ ಇರೋದು, ಇವೂ ಆ ಪೆಟ್ಟಿಂದಲೇ ಬಂದಿರಬಹುದು. ಸೋಮಾರಿತನ ಅಲ್ಲ, ಹುಚ್ಚೂ ಅಲ್ಲ. ಡಾಕ್ಟರನ್ನ ಮತ್ತೆ ನೋಡಿ. ನೋಡಿ ಸುಮ್ಮನೆ ಬರಬೇಡಿ, ಯಾಕೆ ಹೀಗೆ ಅಂತ ಕೇಳಿ."

ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದಾಗ ಬರೋದಿಲ್ಲ ಅಂತಾರೆ. ನನ್ನ ಸಿಟ್ಟು ತಮ್ಮನ ಅನ್ನವನ್ನೇ ಕೊಯ್ಯೋಕೆ ಹೊರಟಿತ್ತು.

ಅವತ್ತೇ ಅವನ ಹೆಂಡತಿ ಒಂದು ಹಾಳೆಯಲ್ಲಿ ಎಲ್ಲಾ ಬರೆದಳು. ಯಾವತ್ತು ಬಿದ್ದಿದ್ದು, ತಲೆನೋವು ಯಾವ ಹೊತ್ತಿಗೆ ಜಾಸ್ತಿ, ನಿದ್ದೆ ಹೇಗೆ, ಏನೇನು ಮರೆತ, ವಾಸನೆ ಯಾವಾಗಿಂದ ಇಲ್ಲ. ಬರೀತಾ ಬರೀತಾ ಹಾಳೆಯ ಎರಡೂ ಬದಿ ತುಂಬಿತು. ನಾವು ಮೂವರೂ ಆಸ್ಪತ್ರೆಗೆ ಹೋದೆವು. ಡಾಕ್ಟರು ಹಳೇ ಸ್ಕ್ಯಾನ್ ನೋಡಿ, "ಇದು ನಾರ್ಮಲ್ ಇದೆಯಲ್ಲ, ಸ್ವಲ್ಪ ದಿನ ಹೋಗ್ಲಿ" ಅಂದರು. ನಾನು ಕುರ್ಚಿ ಬಿಟ್ಟು ಏಳಲಿಲ್ಲ. "ಡಾಕ್ಟ್ರೇ, ಈ ಹಾಳೆ ಒಂದ್ಸಲ ಓದಿ. ಇವೆಲ್ಲ ಯಾಕಾಗ್ತಿದೆ ಅಂತ ನಮಗೆ ತಿಳಿಯೋ ಹಾಗೆ ಹೇಳಿ" ಅಂದೆ.

ಅವರು ಓದಿದರು. ಆಮೇಲೆ ನಕ್ಕು, "ಎಲ್ರೂ ಹೀಗೆ ಬರೆದುಕೊಂಡು ಬಂದ್ರೆ ನನ್ನ ಕೆಲಸ ಸುಲಭ ಕಣಮ್ಮ" ಅಂದರು. ನರದ ಡಾಕ್ಟರಿಗೂ ಕಿವಿ-ಮೂಗಿನ ಡಾಕ್ಟರಿಗೂ ಚೀಟಿ ಬರೆದುಕೊಟ್ಟರು. ಅಲ್ಲೂ ಪರೀಕ್ಷೆ ಮಾಡಿ, ಪೆಟ್ಟಿನಿಂದಲೇ ಹೀಗಾಗಿದೆ ಅಂತ ಬಿಡಿಸಿ ಹೇಳಿದರು. ಹೆಚ್ಚಿನವರು ನಿಧಾನಕ್ಕೆ ಸುಧಾರಿಸ್ತಾರೆ, ವಾಸನೆ ಮಾತ್ರ ಪೂರ್ತಿ ಬರುತ್ತೋ ಇಲ್ಲವೋ ಹೇಳೋಕಾಗಲ್ಲ ಅಂದರು. ಆಸ್ಪತ್ರೆ ಮೆಟ್ಟಿಲು ಇಳೀತಾ ತಮ್ಮ, "ಹುಚ್ಚು ಹಿಡೀತಾ ಇದೆ ಅಂದ್ಕೊಂಡಿದ್ದೆ ಅಕ್ಕಾ" ಅಂದ. ಎರಡು ತಿಂಗಳಲ್ಲಿ ಅವನು ನೆಟ್ಟಗೆ ಉಸಿರು ಬಿಟ್ಟಿದ್ದು ಆಗಲೇ.

ಡಾಕ್ಟರು ಹೇಳಿದ ಹಾಗೆ ಮೊದಲು ಅರ್ಧ ದಿನ ಕೆಲಸ, ಆಮೇಲೆ ಸ್ವಲ್ಪ ಸ್ವಲ್ಪ ಜಾಸ್ತಿ. ಹೊತ್ತಿಗೆ ಸರಿಯಾಗಿ ನಿದ್ದೆ, ಕುಡಿತ ಬೇಡವೇ ಬೇಡ. ಬೆಳಿಗ್ಗೆ ಸಂಜೆ ಲವಂಗ, ನಿಂಬೆ ಸಿಪ್ಪೆ, ಏಲಕ್ಕಿ, ಕಾಫಿಪುಡಿ ಒಂದೊಂದಾಗಿ ಮೂಸಿ, ಆ ವಾಸನೆ ನೆನಪು ಮಾಡಿಕೊಳ್ಳೋ ಅಭ್ಯಾಸ. ಗ್ಯಾಸ್ ಸೋರಿದರೆ ಅವನಿಗೆ ಗೊತ್ತಾಗಲ್ಲವಲ್ಲ, ಅದಕ್ಕೆ ಬೇಕರಿಗೂ ಮನೆಗೂ ಗ್ಯಾಸ್ ಅಲಾರಂ ಹಾಕಿಸಿದೆವು. ಮೇಲಿರೋ ಅಪ್ಪ ಸಿಟ್ಟಾದರೆ ಆಗಲಿ ಅಂತ ಓವನ್ ಕೋಣೆಯಲ್ಲಿ ನಾನೇ ಗಡಿಯಾರ ನೇತುಹಾಕಿದೆ. ಕೌಂಟರ್‌ನಲ್ಲಿ ಕೂತು ನನ್ನ ಮೂಗಿಗೂ ಕೆಲಸ ಕೊಟ್ಟೆ. "ಬೇಗ ತೆಗಿ, ಸೀಯುತ್ತೆ!" ಅಂತ ನಾನು ಕಿರುಚಿದರೆ, "ನಿನ್ನ ಮೂಗಿಗೆ ಇನ್ನೂ ಟ್ರೈನಿಂಗ್ ಸಾಲದು ಅಕ್ಕಾ, ಇನ್ನೂ ಹಸಿ ಇದೆ" ಅಂತ ಅವನು ರೇಗಿಸುತ್ತಿದ್ದ.

ಅವನು ಬಿದ್ದು ಐದನೇ ತಿಂಗಳು. ತಲೆನೋವು ಬಹಳ ಕಡಿಮೆಯಾಗಿತ್ತು, ಟ್ರೇ ಬಿದ್ದರೂ ಬೆಚ್ಚುತ್ತಿರಲಿಲ್ಲ. ಒಂದು ಬೆಳಿಗ್ಗೆ ನಾನು ಹಾಲು ಒಲೆ ಮೇಲಿಟ್ಟು ಗಿರಾಕಿ ಜತೆ ಮಾತಿಗೆ ಬಿದ್ದಿದ್ದೆ. ಒಳಗಿಂದ ತಮ್ಮ ಓಡಿ ಬಂದ. ಮುಖ ನೋಡಿ ಗಾಬರಿಯಾದೆ.

"ಅಕ್ಕಾ, ಏನೋ ಸೀದ ವಾಸನೆ! ಒಲೆ ಮೇಲೆ ಏನಿಟ್ಟಿದ್ದೀಯ? ಧ್ಯಾನ ಎಲ್ಲಿದೆ ನಿನಗೆ?"

ಹೇಳಿ ಅವನೇ ನಿಂತುಬಿಟ್ಟ. ನಾವಿಬ್ಬರೂ ಗಿರಾಕಿ ಮುಂದೆಯೇ ಅತ್ತೆವು. ಹಾಲು ಪೂರ್ತಿ ಸೀದುಹೋಯಿತು, ಹೋಗಲಿ. ಲವಂಗ, ಏಲಕ್ಕಿ ಅವನಿಗೆ ಇನ್ನೂ ಗೊತ್ತಾಗಲ್ಲ, ಅಭ್ಯಾಸ ಬಿಟ್ಟಿಲ್ಲ. ಓವನ್ ಮಾತ್ರ ಇವತ್ತಿಗೂ ಅವನದೇ.

ಓದುತ್ತಿರುವ ಅಕ್ಕ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ತಲೆಗೆ ಪೆಟ್ಟು ಬಿದ್ದವರು ಇದ್ದಾರಾ? ಪದೇಪದೇ ವಾಂತಿ, ಏರುತ್ತಲೇ ಹೋಗೋ ತಲೆನೋವು, ಫಿಟ್ಸ್, ಮಾತು ತೊದಲುವುದು, ಕೈಕಾಲು ಸೋಲುವುದು, ಎಬ್ಬಿಸಿದರೂ ಏಳದಿರುವುದು ಕಂಡರೆ ಆ ಕ್ಷಣವೇ ಆಸ್ಪತ್ರೆಗೆ ಓಡಿ. ವಾರಗಳು ಕಳೆದರೂ ತಲೆನೋವು, ತಲೆಸುತ್ತು, ಮರೆವು, ಸಿಡುಕು ಹೋಗದಿದ್ದರೆ, ನಿದ್ದೆ ಕೆಟ್ಟರೆ, ವಾಸನೆ ಗೊತ್ತಾಗದಿದ್ದರೆ, ಬರೆದಿಟ್ಟುಕೊಂಡು ಡಾಕ್ಟರ ಹತ್ತಿರ ಹೋಗಿ. ಉತ್ತರ ಸಿಗೋವರೆಗೂ ಕೇಳಿ. ಅದಕ್ಕೂ ಮೊದಲು ಮನೆಯವರ ಹತ್ತಿರ ಕೂತು "ಏನಾಗ್ತಿದೆ ನಿಂಗೆ?" ಅಂತ ಕೇಳಿ. ನಾನು ಎರಡು ತಿಂಗಳು ಬೈದೆ, ಒಂದು ದಿನವೂ ಕೇಳಲಿಲ್ಲ. ನೀವು ಇವತ್ತೇ ಕೇಳಿ.