ತಾನಾಗಿ ಹಾರಿದ ಪುಟ, ನಲವತ್ತು ಮಕ್ಕಳ ಅಳತೆ

ಹೊಲಿಗೆ ಅಂಗಡಿಯವಳು ಇಡೀ ಬೀದಿಗೇ ಅತ್ತಿಗೆ. ಗಿರಾಕಿ ಏನು ಕೇಳಿದರೂ ಅವಳ ಬಾಯಲ್ಲಿ ಬರುವುದು ‘ಆಯ್ತು’ ಒಂದೇ. ಫೋನಿನ ಜೊತೆಗೂ ಅದೇ ದಾಕ್ಷಿಣ್ಯ. ಯಾವ ಪುಟ ‘ಅನುಮತಿಸಿ’ ಅಂದರೂ ಒತ್ತಿಬಿಡುವಳು.

ಅವತ್ತು ಮಧ್ಯಾಹ್ನ ಫೋನನ್ನು ದಾರದ ಡಬ್ಬಿಗೆ ಒರಗಿಸಿ, ನಾಟಕದ ರಾಜನ ಅಂಗಿಗೆ ತೋಳು ಕತ್ತರಿಸುವ ಬಗೆ ಹುಡುಕುತ್ತಿದ್ದಳು. ಎರಡು ಸಾಲು ಓದುವಷ್ಟರಲ್ಲಿ ಪುಟ ತಾನಾಗಿ ಬೇರೆಲ್ಲಿಗೋ ಹಾರಿತು. ‘ನಿಮ್ಮ ಫೋನಿಗೆ ವೈರಸ್ ಬಂದಿದೆ. ಮೂರು ನಿಮಿಷದಲ್ಲಿ ಎಲ್ಲ ಅಳಿಸಿಹೋಗುತ್ತದೆ. ಕೂಡಲೇ ಈ ಆ್ಯಪ್ ಹಾಕಿಕೊಳ್ಳಿ.’

ಅತ್ತಿಗೆ ಕತ್ತರಿ ಕೆಳಗಿಟ್ಟಳು. ಶಾಲೆಯ ನಾಟಕಕ್ಕೆಂದು ತೆಗೆದ ನಲವತ್ತು ಮಕ್ಕಳ ಅಳತೆ ಆ ಫೋನಿನಲ್ಲೇ ಇತ್ತು. ಬೇರೆಲ್ಲೂ ಬರೆದಿಟ್ಟಿರಲಿಲ್ಲ. ಮುಂದಿನ ವಾರವೇ ನಾಟಕ.

“ನೋಡ್ತಾ ಕೂತ್ರೆ ಹೇಗೆ? ಒತ್ತು,” ಎಂದ ಗಂಡ, ಇಸ್ತ್ರಿಪೆಟ್ಟಿಗೆ ಪಕ್ಕಕ್ಕಿಟ್ಟು.

“ಒತ್ತಬೇಡಿ ಅತ್ತಿಗೆ.” ಅಂಗಿಗೆ ಗುಂಡಿ ಹಾಕಿಸಲು ಬಂದಿದ್ದ ನಾದಿನಿ ಫೋನು ಕಸಿದುಕೊಂಡಳು. ಗ್ರಂಥಾಲಯದ ಕಂಪ್ಯೂಟರ್ ಕೋಣೆ ನೋಡಿಕೊಳ್ಳುವವಳು ಆಕೆ.

“ಅಳತೆ ಹೋದ್ರೆ ನೀನು ಹೊಣೆನಾ?” ಅವಳ ಅಣ್ಣ ರೇಗಿದ.

“ನಾನೇ ಹೊಣೆ. ಬೀದೀಲಿ ಹೋಗೋನು ಬಾಗಿಲಲ್ಲಿ ನಿಂತು, ನಿಮ್ಮ ಬೀರು ಒಳಗೆ ಗೆದ್ದಲು ಹತ್ತಿದೆ ಅಂದ್ರೆ ನಂಬ್ತೀಯಾ ಅಣ್ಣ? ಇದೂ ಹಾಗೇ.”

ಆಕೆ ಏನನ್ನೂ ಒತ್ತದೆ ಆ ಪುಟ ಮುಚ್ಚಿದಳು. ಆಮೇಲೆ ಬ್ರೌಸರಿನ ಸೆಟ್ಟಿಂಗ್ಸ್, ಅದರಲ್ಲಿ ಸೈಟ್ ಸೆಟ್ಟಿಂಗ್ಸ್ ತೆರೆದಳು. ಪುಟ ತಾನಾಗಿ ಬೇರೆಡೆ ಹಾರಲು ಬಿಡುವ ‘ಪಾಪ್-ಅಪ್ ಮತ್ತು ರೀಡೈರೆಕ್ಟ್’ ಚಾಲೂ ಇತ್ತು, ನಿಲ್ಲಿಸಿದಳು. ನೋಟಿಫಿಕೇಶನ್ ಕಳಿಸಲು ಒಪ್ಪಿಗೆ ಪಡೆದವರ ಪಟ್ಟಿಯಲ್ಲಿ ಹದಿನೇಳು ಅಪರಿಚಿತ ಸೈಟುಗಳು.

“ಇಷ್ಟು ಜನಕ್ಕೆ ಹ್ಞೂಂ ಅಂದಿದ್ದೀರಾ ಅತ್ತಿಗೆ?”

“ಕೇಳಿದ್ರಲ್ಲ, ಪಾಪ.”

ಸಿಟ್ಟಿನಲ್ಲಿದ್ದ ಅಣ್ಣನಿಗೂ ನಗು ತಡೆಯಲಾಗಲಿಲ್ಲ. ನಾದಿನಿ ಹದಿನೇಳನ್ನೂ ತೆಗೆದುಹಾಕಿ, ಬ್ರೌಸರನ್ನು ಅಪ್‌ಡೇಟ್‌ಗೆ ಹಾಕಿದಳು.

ಮೂರು ನಿಮಿಷ ಕಳೆಯಿತು. ಐದಾಯಿತು. ಅತ್ತಿಗೆ ಅಳತೆಗಳನ್ನು ತೆರೆದು ನೋಡಿದಳು. ರಾಜನಿಂದ ಹಿಡಿದು ಮರದ ವೇಷದ ಪುಟಾಣಿಯವರೆಗೆ ನಲವತ್ತೂ ಇದ್ದವು. ಹೋದ ಜೀವ ಬಂದಂತಾಯಿತು. ಸ್ಟೂಲಿನ ಮೇಲೆ ಕೂತು, ಒಂದು ಚೊಂಬು ನೀರು ಗಟಗಟ ಕುಡಿದಳು.

“ಇಂಥ ಪುಟ ಇನ್ನು ಬರೋದೇ ಇಲ್ವಾ?” ಅಣ್ಣ ಕೇಳಿದ.

“ಮುಕ್ಕಾಲು ಪಾಲು ನಿಲ್ಲುತ್ತೆ. ಎಲ್ಲೋ ಒಂದು ನುಸುಳಿದ್ರೆ ಪುಟ ಮುಚ್ಚಿ, ಅಷ್ಟೆ. ಪದೇ ಪದೇ ಬಂದ್ರೆ, ಹೊಸದಾಗಿ ಹಾಕಿರೋ ಗುರುತಿಲ್ಲದ ಆ್ಯಪ್ ತೆಗೀರಿ.”

ಅಣ್ಣ ಜೇಬಿನಿಂದ ತನ್ನ ಫೋನು ತೆಗೆದು ಅವಳ ಮುಂದಿಟ್ಟ.

ನಿಮ್ಮ ಫೋನನ್ನೂ ಇವತ್ತೇ ತೆರೆದು ನೋಡಿ. ಪಾಪ್-ಅಪ್ ಮತ್ತು ರೀಡೈರೆಕ್ಟ್ ನಿಲ್ಲಿಸಿ. ಮನೆಯಲ್ಲಿ ತಿಳಿಯದವರಿದ್ದರೆ ಪಕ್ಕದಲ್ಲಿ ಕೂತು ಮಾಡಿಕೊಡಿ, ಗದರಬೇಡಿ. ಪುಟ ಎಷ್ಟು ಅವಸರಪಡಿಸುತ್ತದೋ, ನೀವು ಅಷ್ಟು ನಿಧಾನ ಮಾಡಿ.