ಮೂರನೆಯ ಸಾಕು

ಗುಂಡಿಗಳನ್ನೆಲ್ಲ ಬಿಚ್ಚಿಯಾಗಿತ್ತು. ಎಡತೋಳೂ ಹೊರಗೆ ಬಂದಿತ್ತು. ಬಲತೋಳಿನ ಹತ್ತಿರ ಬಂದು ಕೆಲಸ ನಿಂತುಹೋಯಿತು. ಪುಸ್ತಕ ಕಟ್ಟುವ ಬೈಂಡರು ಆ ಪುಟ್ಟ ಕೋಣೆಯ ನಡುವೆ ಅರ್ಧ ಅಂಗಿ ತೊಟ್ಟು, ಅರ್ಧ ಬಿಟ್ಟು, ಬಟ್ಟೆ ನೇತುಹಾಕಿದ ಗೂಟದ ಹಾಗೆ ನಿಂತಿದ್ದರು. ಬಾಗಿಲಾಚೆಯಿಂದ ಮಸಾಜು ಮಾಡುವ ಹುಡುಗಿ, ಒಳಗೆ ಬರಬಹುದೇ ಎಂದು ಕೇಳಿದಳು. ಇನ್ನೊಂದು ನಿಮಿಷ ಎಂದರು. ಆ ಮಾತನ್ನು ಅವರು ಆಗಲೇ ಒಮ್ಮೆ ಹೇಳಿದ್ದರು.

ಮೊದಲಾಗಿದ್ದರೆ ಈ ಕೆಲಸ ಬೇರೆ ರೀತಿಯಲ್ಲಿ ನಡೆಯುತ್ತಿತ್ತು. ಮನೆಯವಳು ಹಿಂದಿನಿಂದ ಬಂದು ಕಾಲರು ಹಿಡಿದು, ಕೈಯನ್ನು ಬಿಗಿಯಬೇಡಿ, ಅದು ನಿಮ್ಮದಲ್ಲ ಅಂದುಕೊಳ್ಳಿ ಎಂದು ತೋಳನ್ನು ಜಾರಿಸಿಬಿಡುತ್ತಿದ್ದಳು. ಅವಳು ಹೋಗಿ ಒಂದು ಮಳೆಗಾಲ ಕಳೆದು ಚಳಿ ಹಿಡಿದಿತ್ತು. ಕೀಲಿನ ಎಣ್ಣೆಯನ್ನೂ ಜೊತೆಗೇ ಒಯ್ದಳೇನೋ ಎಂಬಂತೆ ಅವರ ಬಲಭುಜ ದಿನದಿನಕ್ಕೆ ಬಿಗಿಯುತ್ತ ಬಂತು. ಈಗ ಆ ಕೈ ಮೇಲಕ್ಕೂ ಏಳದು, ಕೆಳಕ್ಕೆ ನೆಟ್ಟಗೆ ಇಳಿಯಲೂ ಒಲ್ಲದು. ಮೊಣಕೈ ಮಡಿಚಿಕೊಂಡು, ಏನನ್ನೋ ಬಚ್ಚಿಟ್ಟವರ ಕೈಯ ಹಾಗೆ ಹೊಟ್ಟೆಗೆ ಅಂಟಿಕೊಂಡೇ ಇರುತ್ತಿತ್ತು. ಬೆಳಿಗ್ಗೆ ದೇವರ ಮುಂದೆ ನಿಂತರೆ ಎಡಗೈಯೊಂದೇ ಎದೆಯವರೆಗೆ ಬಂದು ಜೊತೆಗಾಗಿ ಕಾಯುತ್ತಿತ್ತು. "ಇನ್ನೊಂದೂ ಮುಗಿದಿದೆ ಅಂತಲೇ ತಿಳ್ಕೋ ತಂದೆ, ನಿನಗೆ ಗೊತ್ತಿಲ್ಲದ್ದು ಏನಿದೆ" ಎಂದು ಅವರು ದೇವರನ್ನು ಒಪ್ಪಿಸುತ್ತಿದ್ದರು.

ದೇವರನ್ನಾದರೆ ಒಪ್ಪಿಸಬಹುದು. ಪ್ರೆಸ್ಸನ್ನು ಒಪ್ಪಿಸುವುದು ಹೇಗೆ? ಹೊಲಿದು ಅಂಟು ಹಚ್ಚಿದ ಪುಸ್ತಕವನ್ನು ಎರಡು ಹಲಗೆಗಳ ನಡುವೆ ಇಟ್ಟು ಬಿಗಿಯುವ ಆ ಕಬ್ಬಿಣದ ಯಂತ್ರ ಅಂಗಡಿಯ ಮೂಲೆಯಲ್ಲಿ ಕೂತಿತ್ತು. ಅದರ ನೆತ್ತಿಯ ಹಿಡಿಕೆಯನ್ನು ತಿರುಗಿಸಲು ಗಟ್ಟಿ ಭುಜ ಬೇಕು. ಮದುವೆಯಾದ ಹೊಸದರಿಂದಲೂ ಆ ಅಂಗಡಿಯಲ್ಲಿ ಹೊಲಿಗೆ ಅವಳದು, ಬಿಗಿತ ಇವರದು. ಕೊನೆಗೆ ಅವಳು ಹೊಲಿದದ್ದು ಟೀಚರಮ್ಮನೊಬ್ಬರ ತಾಯಿಯ ಕಾಲದ ಪ್ರಾರ್ಥನೆಯ ಪುಸ್ತಕ. ಕಡೆಯ ಗಂಟು ಹಾಕಿ, ದಾರವನ್ನು ಹಲ್ಲಿನಲ್ಲಿ ಕಡಿದು, "ಇನ್ನು ನಿಮ್ಮ ಪಾಲು" ಎಂದು ಇವರ ಮುಂದೆ ತಳ್ಳಿದ್ದಳು. ಮಾರನೆಯ ದಿನವೇ ಹಾಸಿಗೆ ಹಿಡಿದಳು. ಪುಸ್ತಕ ಅಂದಿನಿಂದ ಬಿಳಿ ಬಟ್ಟೆಯಲ್ಲಿ ಸುತ್ತಿಕೊಂಡು ಕಪಾಟಿನಲ್ಲಿತ್ತು.

ಟೀಚರಮ್ಮ ಒಳ್ಳೆಯವರು, ಒತ್ತಾಯ ಮಾಡಿದವರಲ್ಲ. ಆದರೆ ಅವರಿಗೂ ವಯಸ್ಸಾಗಿತ್ತು. ಚಳಿ ಕಳೆಯುವುದರೊಳಗೆ ತಂಗಿಯ ಮನೆಗೆ ಹೊರಟು ಅಲ್ಲೇ ಇದ್ದುಬಿಡುವವರಿದ್ದರು. ಹೋಗುವಾಗ ಅದು ಕೈಯಲ್ಲಿದ್ದರೆ ಚೆನ್ನಾಗಿತ್ತು ಎಂದು ಹೇಳಿ ಕಳಿಸಿದ್ದರು. ಹಿಡಿಕೆ ತಾನೆ, ನಾನು ತಿರುಗಿಸುತ್ತೇನೆ ಎಂದು ಅಳಿಯ ಎದ್ದು ಬಂದ. ಬೈಂಡರು ಬೇಡವೆಂದರು. ಬಿಗಿ ಹೆಚ್ಚಾದರೆ ದಾರ ಹಾಳೆಯನ್ನು ಕೊಯ್ಯುತ್ತದೆ, ಕಡಿಮೆಯಾದರೆ ಬೆನ್ನು ಸಡಿಲವಾಗುತ್ತದೆ. ಅವಳ ಹೊಲಿಗೆ ಎಷ್ಟು ತಾಳುತ್ತದೆ ಎಂಬುದು ಇವರ ಕೈಗೆ ಗೊತ್ತಿತ್ತೇ ಹೊರತು ಬಾಯಲ್ಲಿ ಹೇಳಿಕೊಡುವಂಥದ್ದಲ್ಲ. ಅವಳ ಕೊನೆಯ ಕೆಲಸಕ್ಕೆ ಬೇರೆ ಕೈ ಬೀಳಕೂಡದು. ಹಾಗಾಗಿ ಮಸಾಜಿನವಳ ಹತ್ತಿರ ಹೋಗೋಣ ಎಂದು ಮಗಳು ಹಟ ಹಿಡಿದಾಗ ಅವರು ಎದುರಾಡಲಿಲ್ಲ.

ಬರುವಾಗ ಬಸ್ಸಿನಲ್ಲಿ ಮಗಳು ಪರೀಕ್ಷೆಗೆ ಹೋಗುವ ಮಗುವಿಗೆ ಹೇಳುವಂತೆ ಎಲ್ಲವನ್ನೂ ಹೇಳಿಕೊಟ್ಟಿದ್ದಳು. ಅವಳು ಸೊಂಟನೋವಿಗೆ ಇಲ್ಲಿಗೆ ಬಂದುಹೋದವಳು. ಮೊದಲು ಕೂರಿಸಿ ಕೇಳುತ್ತಾರೆ. ಎಲ್ಲಿ ನೋವು, ಯಾವಾಗಿನಿಂದ, ಔಷಧಿ ಏನು ಅಂತ. ಆಮೇಲೆ ಅವರು ಹೊರಗೆ ಹೋಗುತ್ತಾರೆ, ನೀವು ಅಂಗಿ ತೆಗೆದು ಮಲಗಿ ದುಪ್ಪಟಿ ಹೊದ್ದುಕೊಳ್ಳಬೇಕು. ಮಂಚದ ತಲೆಯ ಕಡೆ ಒಂದು ತೂತು ಇರುತ್ತೆ, ಮುಖ ಅದರಲ್ಲಿ ಇಡಬೇಕು, ಉಸಿರು ಕಟ್ಟುವುದಿಲ್ಲ. ಯಾವ ಭಾಗಕ್ಕೆ ಕೆಲಸವೋ ಆ ಭಾಗ ಮಾತ್ರ ತೆಗೆಯುತ್ತಾರೆ. ನಾಚಿಕೊಳ್ಳುವಂಥದ್ದೇನೂ ಇಲ್ಲ. ಬೈಂಡರು ಕಿಟಕಿಯ ಆಚೆ ನೋಡುತ್ತ ಹೂಂಗುಟ್ಟುತ್ತಿದ್ದರು. ಇಳಿಯುವ ಹೊತ್ತಿಗೆ ಮಗಳು ಅವರ ಮೊಣಕೈ ಹಿಡಿದು, "ಅಪ್ಪಾ, ಬಾಯಿ ಬಿಟ್ಟು ಹೇಳ್ಬೇಕು, ಅಮ್ಮನ ಥರ ಅವರಿಗೆ ತಾನಾಗೇ ಗೊತ್ತಾಗಲ್ಲ. ಹೆದರ್ಕೋಬೇಡಿ, ಸಾಕು ಅಂದ್ರೆ ತಕ್ಷಣ ನಿಲ್ಲಿಸ್ತಾರೆ" ಎಂದಳು.

ಕೊನೆಗೆ ಬೈಂಡರು ಬಲತೋಳಿನ ಗೊಡವೆಯನ್ನೇ ಬಿಟ್ಟು ಮಂಚ ಹತ್ತಿ, ದುಪ್ಪಟಿ ಎಳೆದುಕೊಂಡು, ತೂತಿನಲ್ಲಿ ಮುಖವಿಟ್ಟು ಮಲಗಿದರು. ಹುಡುಗಿ ಒಳಗೆ ಬಂದಳು. ದುಪ್ಪಟಿಯ ಕೆಳಗಿನಿಂದ ಜೋಲುತ್ತಿದ್ದ ಅಂಗಿಯನ್ನು ನೋಡಿ, "ಯಾಕೆ ತಾತಾ, ಒಂದು ಕೈಗೆ ಚಳೀನಾ?" ಎಂದು ನಕ್ಕು, ಅವರಿಗೆ ತಿಳಿಯುವುದರೊಳಗೆ ತೋಳನ್ನು ಜಾರಿಸಿ ತೆಗೆದು, ಮಡಿಸಿ ಕುರ್ಚಿಯ ಮೇಲಿಟ್ಟಳು.

ತೂತಿನಿಂದ ಕಾಣುತ್ತಿದ್ದದ್ದು ನೆಲದ ಒಂದು ತುಂಡು; ಬೂದುಬಣ್ಣದ ಹಾಸುಗಲ್ಲು, ಅದರಲ್ಲೊಂದು ಕೂದಲೆಳೆಯಂಥ ಬಿರುಕು. ಆಗಾಗ ಹುಡುಗಿಯ ರಬ್ಬರು ಚಪ್ಪಲಿಗಳು ಬಂದು ನಿಂತು ಹೋಗುತ್ತಿದ್ದವು. ಬಿಸಿನೀರಿನ ಬಟ್ಟಲಲ್ಲಿಟ್ಟಿದ್ದ ಎಣ್ಣೆಯ ಸೀಸೆಯನ್ನು ಎತ್ತಿದ ಸದ್ದು. ಅಂಗೈಗಳನ್ನು ಉಜ್ಜಿಕೊಂಡ ಸದ್ದು. ಕೈ ಇಡುತ್ತೇನೆ ಎಂದು ಮೊದಲೇ ಹೇಳಿ, ಆಮೇಲೆ ಇಟ್ಟಳು. ಬೈಂಡರ ಮೈ ಒಮ್ಮೆ ಹಲಗೆಯಾಯಿತು. ಮನೆಯವಳದಲ್ಲದ ಕೈ ಆ ಭುಜದ ಮೇಲೆ ಬಿದ್ದದ್ದು ಅದೇ ಮೊದಲು.

ಕೈ ಒಳ್ಳೆಯದೇ ಇತ್ತು. ಅವಸರವಿಲ್ಲದ ಕೈ. ಅಂಗೈಯ ಬುಡದಿಂದ ಒತ್ತುತ್ತ, ನೋವಿನ ಸುತ್ತ ಮುತ್ತ ತಿರುಗುತ್ತ, ಬಾಗಿಲು ತಟ್ಟದೆ ಜಗುಲಿಯಲ್ಲೇ ಕುಳಿತು ಕಾಯುವ ನೆಂಟರ ಹಾಗೆ ಬಹಳ ಹೊತ್ತು ಕಾದು, ಆಮೇಲೆ ಗಂಟಿನ ಮೇಲೆ ಹೆಬ್ಬೆರಳನ್ನು ಊರಿತು. ಜೀವ ಹೋದಂತಾಯಿತು, ಹಿಂದೆಯೇ ಹಿತವೂ ಆಯಿತು. ಒತ್ತು ಹೆಚ್ಚಾಯಿತೇ ಎಂದು ಕೇಳಿದಳು. ಇಲ್ಲವೆಂದರು. ಹೀಗೆ ಸ್ವಲ್ಪ ಹೊತ್ತಾಗಿರಬೇಕು. ಅವರಿಗೇ ಅರಿವಿಲ್ಲದಂತೆ, ಎಷ್ಟೋ ವರ್ಷಗಳಿಂದ ಆ ನೋವು ಆ ಹಿತ ಒಟ್ಟಿಗೆ ಬಂದಾಗಲೆಲ್ಲ ಬಾಯಿಂದ ಹೊರಡುತ್ತಿದ್ದ ಮಾತು ಹೊರಟಿತು.

"ಸಾಕು, ನಿನ್ನ ಕೈ ನೋಯುತ್ತೆ."

ಕೈಗಳು ಎದ್ದವು. ದುಪ್ಪಟಿ ಭುಜದ ಮೇಲೆ ಬಂದು ಕೂತಿತು. ಬೈಂಡರು ಕಾದರು. ಅವು ಈಗ ಮರಳುತ್ತವೆ ಎಂದು ಅವರ ಬೆನ್ನಿಗೆ ಗೊತ್ತಿತ್ತು; ಬೆನ್ನು ಕಾಯುತ್ತಿತ್ತು. ಮೂಲೆಯಲ್ಲಿ ನಲ್ಲಿ ತಿರುಗಿಸಿದ ಸದ್ದು, ಹುಡುಗಿ ಕೈ ತೊಳೆದ ಸದ್ದು ಕೇಳಿಸಿತು. ನಿಧಾನವಾಗಿ ಏಳಿ, ಸ್ವಲ್ಪ ನೀರು ಕುಡಿಯಿರಿ ಎಂದಳು.

ಮದುವೆಯಾದ ಹೊಸದರಲ್ಲೊಮ್ಮೆ ಹೀಗೇ ಆಗಿತ್ತು. ಅಂಗಡಿ ಮುಚ್ಚುವ ಹೊತ್ತು, ಅಂಟಿನ ವಾಸನೆ, ಕತ್ತರಿಸಿದ ಕಾಗದದ ಅಂಚುಗಳು ಕಾಲಡಿಯಲ್ಲಿ ಸುರುಳಿ ಸುರುಳಿ. ಇಡೀ ದಿನ ಪ್ರೆಸ್ಸು ತಿರುಗಿಸಿ ಸೋತ ಭುಜವನ್ನು ನೋಡಲಾರದೆ ಅವಳು ಸ್ಟೂಲು ಎಳೆದುಕೊಂಡು ಹಿಂದೆ ಕೂತು ಒತ್ತಿದ್ದಳು. ಇವರು ನಾಚಿಕೆಗೆ ಸಾಕು ಎಂದರು. ಅವಳು ನಿಜವೆಂದೇ ನಂಬಿ ಎದ್ದುಹೋದಳು. ಮಾರನೆಯ ದಿನ ಇವರು ಮೋರೆ ಗಂಟಿಕ್ಕಿಕೊಂಡು ಕೂತದ್ದನ್ನು ನೋಡಿ, ಊಟಕ್ಕೆ ಕೂತವರ ಮೊದಲ ಸಾಕನ್ನು ಯಾರಾದರೂ ನಂಬುತ್ತಾರೆಯೇ, ನನಗೆ ಹೊಳೆಯಲೇ ಇಲ್ಲವಲ್ಲ ಎಂದು ಹಣೆ ಚಚ್ಚಿಕೊಂಡಳು. "ಇನ್ಮೇಲೆ ನೋಡಿ, ಮೊದಲ್ನೇ ಸಾಕು ನನ್ನ ಕೈಗೆ. ಎರಡ್ನೇದು ನಿಮ್ಮ ಜಂಬಕ್ಕೆ. ಮೂರ್ನೇದೇ ನಿಮ್ಮ ಭುಜದ್ದು. ಅದು ಬರೋವರ್ಗೂ ಏಳಲ್ಲ."

ಏಳಲಿಲ್ಲ. ಜಗಳವಾಡಿದ ದಿನಗಳಲ್ಲಿಯೂ ಬಾಯಿ ಬಿಗಿದುಕೊಂಡು ಬಂದು ಕೂತು, ಹಾಳೆ ಮಡಿಸುವ ಮೂಳೆಪಟ್ಟಿಯ ದುಂಡನೆಯ ತುದಿಯಿಂದ ಬೇಕೆಂದೇ ಸ್ವಲ್ಪ ಜೋರಾಗಿ ಒತ್ತುತ್ತಿದ್ದಳು. ಮಗಳು ಅದೇ ಅಂಗಡಿಯ ನೆಲದ ಮೇಲೆ ಕೂತು ಪಾಠ ಬರೆಯುತ್ತಿದ್ದವಳು, ಎರಡನೆಯ ಸಾಕು ಬಂದ ಕೂಡಲೇ ಪುಸ್ತಕ ಮುಚ್ಚಿ ಊಟಕ್ಕೆ ತಟ್ಟೆ ಹಾಕಲು ಏಳುತ್ತಿದ್ದಳು. ಆ ಮನೆಯಲ್ಲಿ ಗಡಿಯಾರಕ್ಕಿಂತ ಆ ಮಾತೇ ಹೆಚ್ಚು ನಂಬಿಕೆಯದಾಗಿತ್ತು.

ಕಡೆಗಾಲದಲ್ಲಿ ಸರದಿ ಬದಲಾಯಿತು. ಅವಳ ಪಾದಗಳು ಬಾತುಕೊಂಡಿದ್ದವು. ಇವರು ಮಂಚದ ಕಾಲ್ದೆಸೆಯಲ್ಲಿ ಕೂತು ಒತ್ತುತ್ತಿದ್ದರು. ಒಂದು ಮಧ್ಯಾಹ್ನ ಮೊದಲನೆಯ ಸಾಕು ಹೇಳಿದಳು. ನಿನ್ನ ಕಾನೂನು ನಿನಗೂ ಉಂಟು ಎಂದು ಇವರು ಮುಂದುವರಿಸಿದರು. ಅವಳು ನಕ್ಕಳು. ಸ್ವಲ್ಪ ಹೊತ್ತಿಗೆ ಇನ್ನೊಂದು ಹೇಳಿದಳು. ಇವರು ಮೂರನೆಯದಕ್ಕೆ ಕಾಯುತ್ತ ಒತ್ತುತ್ತಲೇ ಇದ್ದರು. ಮಗಳು ಚಹಾ ಹಿಡಿದು ಒಳಗೆ ಬಂದು, ತಾಯಿಯ ಮುಖ ನೋಡಿ, ಲೋಟವನ್ನು ಕೆಳಗಿಟ್ಟು, ಅಪ್ಪನ ಕೈಗಳನ್ನು ಆ ಪಾದಗಳಿಂದ ಬಿಡಿಸುವವರೆಗೂ ಒತ್ತುತ್ತಲೇ ಇದ್ದರು.

ಹಾಸುಗಲ್ಲಿನ ಮೇಲೆ, ಬಿರುಕಿನ ಪಕ್ಕದಲ್ಲಿ, ಒಂದು ಹನಿ ಬಿತ್ತು. ಇನ್ನೊಂದು ಬಿತ್ತು. ರಬ್ಬರು ಚಪ್ಪಲಿಗಳು ಹತ್ತಿರ ಬಂದು ನಿಂತವು. ನೋವಾಯಿತೇ ಎಂದು ಹುಡುಗಿ ಮೆಲ್ಲಗೆ ಕೇಳಿದಳು. ಇಲ್ಲಮ್ಮ, ಎಣ್ಣೆ ಕಣ್ಣಿಗೆ ಹೋಯಿತು ಎಂದರು. ಭುಜಕ್ಕೆ ಹಚ್ಚಿದ ಎಣ್ಣೆ ಕಣ್ಣಿಗೆ ಹೇಗೆ ಹೋಯಿತೆಂದು ಅವಳು ಕೇಳಲಿಲ್ಲ.

ಹೊರಗೆ ಕಾದಿದ್ದ ಮಗಳಿಗೆ, ಇಷ್ಟು ಬೇಗ ಆಯಿತೇ ಎಂದು ಆಶ್ಚರ್ಯ. ಕೈ ಎಲ್ಲಿತ್ತೋ ಅಲ್ಲೇ, ಹೊಟ್ಟೆಗೆ ಅಂಟಿಕೊಂಡೇ ಇತ್ತು. ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತು ಏನಾಯಿತೆಂದು ಕೆದಕಿ ಕೆದಕಿ ಕೇಳಿದಳು.

"ಸಾಕು ಅಂದೆ. ನಿಲ್ಲಿಸಿಬಿಟ್ಲು" ಎಂದರು ಬೈಂಡರು.

ಮಗಳು ನಕ್ಕಳು. ನಗುತ್ತ ನಗುತ್ತ ಸೆರಗಿನಿಂದ ಮೂಗು ಒರೆಸಿಕೊಂಡಳು. ಒಂದು ಬಸ್ಸು ಬಂದು ನಿಂತು ಹೋಯಿತು. ಅವರದೇ ಬಸ್ಸು, ಇಬ್ಬರೂ ಏಳಲಿಲ್ಲ.

"ಇದು ಮೊದಲ್ನೇದು ಅಂತ ಹೇಳ್ಬೇಕಿತ್ತಲ್ಲಪ್ಪಾ."

"ಅದು ನಿಮ್ಮಮ್ಮಂದು. ಹೊರಗಿನವರಿಗೆ ಹೇಗೆ ಹೇಳ್ಲಿ?"

"ಪುಸ್ತಕಾನೂ ಅಮ್ಮಂದೇ" ಎಂದಳು ಮಗಳು. "ಅದನ್ನ ಅರ್ಧಕ್ಕೇ ಬಿಡ್ತೀರಾ?"

ಬೈಂಡರು ಮುಂದಿನ ಬಸ್ಸಿಗೆ ಎದ್ದರು. ಮನೆಗೆ ಬಂದು ಅಂಗಡಿಯ ಬೀಗ ತೆಗೆದು, ಬಟ್ಟೆ ಬಿಚ್ಚಿ ಪುಸ್ತಕವನ್ನು ಎಡಗೈಯಲ್ಲಿ ಎತ್ತಿಕೊಂಡರು. ಬೆನ್ನಿನ ಉದ್ದಕ್ಕೂ ಅವಳ ಹೊಲಿಗೆ ಇರುವೆಸಾಲಿನ ಹಾಗೆ ಹೋಗಿತ್ತು. ಬಿಗಿಯದೆ ಇಷ್ಟು ಕಾಲ ಇಟ್ಟದ್ದಕ್ಕೆ ಹಾಳೆಗಳು ಉಬ್ಬಿ, ಅಂಚುಗಳು ಬಾಯಿ ಬಿಡತೊಡಗಿದ್ದವು. ಅವರು ಬಹಳ ಹೊತ್ತು ಅದನ್ನು ನೋಡುತ್ತ ನಿಂತರು. ಆಮೇಲೆ ಪ್ರೆಸ್ಸಿನ ಹಿಡಿಕೆಗೆ ಬಲಗೈಯನ್ನು ಒಯ್ಯಲು ನೋಡಿದರು. ಕೈ ಅರ್ಧ ದಾರಿಯಲ್ಲೇ ನಿಂತಿತು. ದೇವರೇ, ನಿನ್ನದೇ ಸ್ತೋತ್ರವಪ್ಪ ಇದರೊಳಗಿರುವುದು, ನಿನಗಾದರೂ ಬೇಡವೇ ಎಂದು ಮನಸ್ಸಿನಲ್ಲೇ ಅಂದುಕೊಂಡರು.

ಮುಂದಿನ ವಾರ ಅವರು ಒಬ್ಬರೇ ಹೋದರು. ಈ ಸಲ ಹುಡುಗಿ ಬಾಗಿಲಾಚೆ ಹೋಗುವ ಮೊದಲೇ ಅವಳನ್ನು ನಿಲ್ಲಿಸಿ, ಅಂಗಿಯ ಬಲತೋಳನ್ನು ತೆಗೆದುಕೊಡು ತಾಯಿ ಎಂದು ಕೇಳಿದರು. ಅದನ್ನು ಕೇಳುವುದು ಅಂದುಕೊಂಡಷ್ಟು ಕಷ್ಟವಾಗಲಿಲ್ಲ. ಮುಂದಿನದು ಕಷ್ಟವಾಯಿತು. ಮಲಗಿ, ಮುಖವನ್ನು ತೂತಿನಲ್ಲಿಟ್ಟ ಮೇಲೆ, ಎದುರಿಗೆ ಮುಖವಿಲ್ಲದೆ ನೆಲ ಮಾತ್ರ ಕಾಣುವಾಗ, ಹೇಳಿದರು. ತಮ್ಮ ಮನೆಯಲ್ಲಿ ಸಾಕು ಅನ್ನುವ ಮಾತು ಹೇಗಿತ್ತು, ಯಾವುದು ಯಾರ ಪಾಲಿನದು, ಎಲ್ಲವನ್ನೂ. ಮಂಚದ ಕಾಲ್ದೆಸೆಯ ಆ ಮಧ್ಯಾಹ್ನವನ್ನು ಹೇಳಲಿಲ್ಲ.

ಚಪ್ಪಲಿಗಳು ಅಲುಗಾಡದೆ ನಿಂತಿದ್ದವು.

"ನಮಗೆ ಕಲಿಸೋದೇ ಬೇರೆ ತಾತಾ. ಸಾಕು ಅಂದ್ರೆ ಕೈ ಎತ್ತಲೇಬೇಕು. ಅದು ಮೊದಲ್ನೇ ಪಾಠ."

"ಪಾಠ ಸರಿಯಾಗೇ ಇದೆ ಕಣಮ್ಮ. ನನ್ನ ಬಾಯಿಗೇ ಅಭ್ಯಾಸ ಕೆಟ್ಟಿರೋದು."

"ಹಾಗಾದ್ರೆ ಒಂದು ಮಾತು. ತಡೀಲಾರದ ನೋವಾದ್ರೆ 'ತೆಗಿ' ಅನ್ನಿ. ಒಂದೇ ಸಲ ಅಂದ್ರೂ ತೆಗೀತೀನಿ. ಸಾಕು ಅನ್ನೋದು ಅಜ್ಜಿ ಲೆಕ್ಕದಲ್ಲೇ ಇರ್ಲಿ."

ಅಜ್ಜಿ ಎಂಬ ಮಾತು ಕಿವಿಗೆ ಹೊಸದಾಗಿ ಬಿತ್ತು. ಮನೆಯವಳನ್ನು ಕಾಣದವರು ಅವಳನ್ನು ಹಾಗೆ ಕರೆಯಬಹುದೆಂದು ಅವರಿಗೆ ಹೊಳೆದಿರಲಿಲ್ಲ.

ಎಣ್ಣೆ ಬೆಚ್ಚಗಿತ್ತು. ಹೆಬ್ಬೆರಳು ಗಂಟನ್ನು ಹುಡುಕಿಕೊಂಡು ಹೋಯಿತು. ಬಂದೇಬಂತು ಮೊದಲನೆಯದು, ತಾವಾಗಿ ಹೇಳಲಿಲ್ಲ, ಅದೇ ಹೊರಟಿತು. "ನನ್ನ ಕೈಗೇನೂ ಆಗಿಲ್ಲ, ಸುಮ್ನೆ ಮಲಗಿ" ಎಂದಳು ಹುಡುಗಿ. ಕೈಗಳು ಏಳಲಿಲ್ಲ. ಬೈಂಡರ ಎದೆಯೊಳಗೆ ಹಳೆಯ ಬಾಗಿಲೊಂದು ಕಿರುಗುಟ್ಟಿದಂತಾಯಿತು. ಅವಳು ಮೊಣಕೈ ಊರಿ, ತನ್ನ ಮೈಭಾರವನ್ನು ಸ್ವಲ್ಪ ಸ್ವಲ್ಪವಾಗಿ ಬಿಟ್ಟಳು. ಎರಡನೆಯದನ್ನು ಅವರು ಬೇಕೆಂದೇ, ಗದರುವ ದನಿಯಲ್ಲಿ ಹೇಳಿದರು. ಅವಳು ಒತ್ತುತ್ತಲೇ ಇದ್ದಳು.

ಹೊರಗೆ ಯಾರೋ ಕೆಮ್ಮಿದರು, ಮುಂದಿನ ಸರದಿಯವರಿರಬೇಕು. ಬಟ್ಟಲಿನ ನೀರು ಆರುತ್ತಿತ್ತು. ಹುಡುಗಿಯ ಕೈ ನಿಧಾನವಾಯಿತು, ಆದರೆ ನಿಲ್ಲಲಿಲ್ಲ.

"ತಾತಾ, ಮೂರ್ನೇದು?"

ಬೈಂಡರು ನೆಲ ನೋಡುತ್ತಿದ್ದರು. ಹಾಸುಗಲ್ಲಿನ ಬಿರುಕಿನ ಅಂಚಿಗೆ, ಮಂಚದ ಪಕ್ಕದಿಂದ ಇಳಿಯುತ್ತ, ಒಂದು ಬೆರಳಿನ ತುದಿ ಕಾಣಿಸಿಕೊಂಡಿತ್ತು. ಅದರ ಹಿಂದೆ ಇನ್ನೊಂದು. ಉಗುರುಗಳ ಸಂದಿಯಲ್ಲಿ ತೊಳೆದರೂ ಹೋಗದ ಹಳೆಯ ಅಂಟು. ತಮ್ಮದೇ ಬಲಗೈ ಎಂದು ತಿಳಿಯಲು ಒಂದು ಗಳಿಗೆ ಬೇಕಾಯಿತು. ಅದು ತನ್ನ ಪಾಡಿಗೆ ತಾನು ನೆಟ್ಟಗೆ ಇಳಿಬಿದ್ದು, ತೂತಿನ ಕೆಳಗೆ ಬಂದು, ಕಬ್ಬಿಣದ ಹಿಡಿಕೆಯೊಂದನ್ನು ಹಿಡಿಯುವಂತೆ ಮೆಲ್ಲನೆ ಮಡಿಚಿಕೊಂಡಿತು.