ಸೂರ್ಯ ಮುಳುಗುವ ಹೊತ್ತಿನ ಮಾಂಸ

ಪತ್ರಿಕೆಯಲ್ಲಿ ಬಂದ ಹೂಸ್ಟನ್ನಿನ ಹತ್ತು ಅತ್ಯುತ್ತಮ ಊಟದಂಗಡಿಗಳ ಪಟ್ಟಿಯಲ್ಲಿ ತನ್ನದೇ ಮೊದಲನೆಯದು ಎಂದು ತಿಳಿದಾಗ ವರ್ಲೀನ್‌ಗೆ ಸಂತೋಷವೇನೂ ಆಗಲಿಲ್ಲ. ನಾಲಿಗೆಯನ್ನು ಮನೆಯಲ್ಲಿಟ್ಟು ಬೀದಿ ಸುತ್ತುವ ಇಂಥ ಪಟ್ಟಿಗಾರರನ್ನು ಅವಳು ಬೇಕಾದಷ್ಟು ಕಂಡಿದ್ದಳು. ಆದರೂ ಓದಿದಳು: "ಸೂರ್ಯ ಮುಳುಗುವ ಹೊತ್ತಿಗೆ ಹೋಗಿ. ಬೆಣ್ಣೆಯಂಥ ದನದ ಮಾಂಸ ನಿಮಗಾಗಿ ಕಾದಿರುತ್ತದೆ." ಅವಳು ಆ ಪುಟವನ್ನು ಮಡಚಿ, ಅದರಿಂದಲೇ ಮಾಂಸ ಕೊಯ್ಯುವ ಹಲಗೆಯ ಜಿಡ್ಡು ಒರೆಸಿದಳು.

ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ, ಗಿರಾಕಿಗಳ ಸಾಲು ಬೀದಿಯ ತಿರುವು ದಾಟಿದ್ದಾಗ, ಆ ಪಟ್ಟಿ ಬರೆದ ಪ್ರೆಸ್ಕಾಟ್ ಎಲ್ಲರನ್ನೂ ಹಿಂದೆ ಹಾಕಿ ನೇರ ಕೌಂಟರಿಗೇ ಬಂದ.

"ಅಮ್ಮಾ, ನಿಮಗೆ ಮೊದಲನೇ ಸ್ಥಾನ ಕೊಟ್ಟವನು ನಾನೇ!"

"ಹೌದೇನಪ್ಪಾ? ಯಾವಾಗ ಬಂದು ತಿಂದೆ?"

"ಹೋದ ಶನಿವಾರ ಸಂಜೆ. ಆಹಾ, ಬಾಯಲ್ಲಿಟ್ರೆ ಕರಗಿ ಹೋಗ್ತಿತ್ತು!"

ಸಾಲಿನಲ್ಲಿದ್ದವರು ಮುಖ ಮುಖ ನೋಡಿಕೊಂಡು ನಕ್ಕರು. ಹದಿನಾಲ್ಕು ತಾಸು ಓಕ್ ಸೌದೆಯ ಹೊಗೆಯಲ್ಲಿ ಬೆಂದ ಮಾಂಸ ಅಲ್ಲಿ ಮಧ್ಯಾಹ್ನ ಒಂದರೊಳಗೆ ಮುಗಿಯುತ್ತಿತ್ತು. ಮುಗಿದ ಕೂಡಲೇ ಬಾಗಿಲಿಗೆ ಬೀಗ. ಮೂವತ್ತು ವರ್ಷಗಳಲ್ಲಿ ಆ ಬಾಗಿಲು ಸಂಜೆ ತೆರೆದದ್ದನ್ನು ಯಾರೂ ಕಂಡಿರಲಿಲ್ಲ.

"ಬೀಗ ನೆಕ್ಕಿ ಹೋದ್ಯೇನೋ ಮಾರಾಯ?" ಎಂದ, ಸಾಲಿನ ಮುಂದಿದ್ದ ಮುದುಕ ಆಲ್ಫಾನ್ಸ್.

ಪ್ರೆಸ್ಕಾಟ್‌ನ ಮುಖ ಹುಳ್ಳಗಾಯಿತು. "ಅಂದ್ರೆ... ಗೆಳೆಯರು ಹೇಳಿದ್ರು. ಈಗೊಂದು ತುಂಡು ಕೊಡಿ, ರುಚಿ ನೋಡ್ತೀನಿ."

ವರ್ಲೀನ್ ಕೈಯಲ್ಲಿದ್ದ ಕತ್ತಿಯಿಂದಲೇ ಬೀದಿಯ ತಿರುವಿನ ಕಡೆ ತೋರಿಸಿದಳು.

"ಹೋಗಿ ಕೊನೇಲಿ ನಿಂತ್ಕೋ. ನಿನ್ನ ಸರದಿ ಬರೋ ಹೊತ್ತಿಗೆ ಮಾಂಸ ಖಾಲಿ ಆಗಿರುತ್ತೆ. ಆದ್ರೇನಂತೆ, ತಿನ್ನದೇನೇ ಬರೆಯೋನು ನೀನು, ನಿನಗೇನು ನಷ್ಟ?"